ಐಸ್ ತೊಟ್ಟಿಯ ಚಳಿಗಾಲ

ಹೋದ ವಾರ ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ನಾನಿರುವ ವಾಕಡದಿಂದ ಅಲ್ಲಿಗೆ ಹೋಗಿಬರುವುದೆಂದರೆ ಅರ್ಧ ದಿನವನ್ನು ಟ್ರಾಫಿಕ್ಕಿಗೆ ಧಾರೆ ಎರೆದಂತೆಯೇ. ಆದರೂ ಚಿಕ್ಕಪ್ಪ, ನಮ್ಮ ಕಾಕಾ, ಫೋನ್ ಮಾಡಿ, ಹೊಸ ಆಲೂಗಡ್ಡೆ ಬಂದಿದೆ, ಒಂದು ಚೀಲ ಒಯ್ಯಿ ಎಂದರೆ ಬೇಡ ಎನ್ನಲು ನನಗೆ ಇವತ್ತಿಗೂ ಬರುವುದಿಲ್ಲ. ಅವರ ಕೋಲ್ಡ್ ಸ್ಟೋರೇಜಿನ ಮುಂದೆ ನಾನು ರಿಕ್ಷಾ ಇಳಿಯುವುದಕ್ಕೂ ಯಾರೋ ಅದರ ದಪ್ಪ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ತಣ್ಣಗಾದ ಆಲೂಗಡ್ಡೆ, ಹಸಿಮಣ್ಣು, ಒದ್ದೆ ಗೋಣಿಚೀಲ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಒಂದೇ ಉಸಿರಿಗೆ ಏಳು ವರ್ಷ ಹಿಂದಕ್ಕೆ ಹೋಗಿ ಬಿದ್ದೆ, ಅದೂ ಐಸ್ ತುಂಬಿದ ಸಿಮೆಂಟ್ ತೊಟ್ಟಿಯೊಳಗೆ, ಕುತ್ತಿಗೆಯ ಮಟ್ಟ.

ನಗಬೇಡಿ. ಆ ಚಳಿಗಾಲದಲ್ಲಿ ನಾನು ನಿಜವಾಗಿಯೂ ಅಲ್ಲಿ ಕೂತಿದ್ದೆ. ಭಾನುವಾರ ಬಂತೆಂದರೆ ಉಳಿದ ಹೆಂಗಸರು ಸೀರೆ ಕೊಳ್ಳಲು ಲಕ್ಷ್ಮೀ ರೋಡಿಗೆ ಹೋಗುತ್ತಿದ್ದರು, ನಾನು ಕ್ಯಾರೆಟ್ ತೊಳೆಯುವ ತೊಟ್ಟಿಗೆ ಇಳಿಯುತ್ತಿದ್ದೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಧಾರವಾಡದಿಂದ ಎಂ.ಎಸ್ಸಿ. ಓದಲು ಪುಣೆಗೆ ಬಂದೆ, ಕಾಕಾ-ಕಾಕುವಿನ ಮನೆಯಲ್ಲಿ ಉಳಿದೆ, ಕೆಲಸ ಸಿಕ್ಕಿತು, ಊರಿಗೆ ವಾಪಸು ಹೋಗುವ ಮಾತು ಹಾಗೇ ಬಿದ್ದುಹೋಯಿತು. ನನ್ನ ಹುಚ್ಚು ಸಿಹಿನೀರಿನ ಸ್ಪಂಜುಗಳು. ಕೆರೆ, ಹಳ್ಳ, ಡ್ಯಾಮುಗಳ ಕಲ್ಲಿಗೆ ಹಸಿರು ಮೆತ್ತೆಯಂತೆ ಅಂಟಿಕೊಂಡು ಬದುಕುವ ಜೀವಿಗಳು ಅವು. ಅವುಗಳ ಹಿಂದೆ ಬಿದ್ದು ಮೂವತ್ತೈದು ದಾಟಿದ ಮೇಲೆ ಸ್ಕೂಬಾ ಕಲಿತೆ. ಮಾಲವಣದ ಸಮುದ್ರದಲ್ಲಿ ಇಳಿದೆ, ಪುಣೆಯ ಸುತ್ತಲಿನ ಕಲ್ಲುಕ್ವಾರಿಗಳಲ್ಲಿ ಇಳಿದೆ. ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಕರೆ ಬಂತು. ಲಡಾಖ್ ಕಡೆಯ ಎತ್ತರದ ಸರೋವರವೊಂದರ ತಳದಲ್ಲಿ ಏನೇನು ಬದುಕಿದೆ ಎಂದು ನೋಡಲು ನಾಲ್ಕು ಜನರ ತಂಡ ಹೊರಟಿತ್ತು. ಸ್ಪಂಜು ಗೊತ್ತಿರುವವರು ಒಬ್ಬರು ಬೇಕಾಗಿತ್ತು.

"ಪಾತ್ರಿ ತಿಕ್ಕೋ ಸ್ಪಂಜ್ ನಮ್ಮ ಓಣ್ಯಾಗ ಸಿಗೂದಿಲ್ಲೇನ? ಅದಕ್ಕ ಅಲ್ಲಿ ತನಕಾ ಹೋಗಬೇಕಾ?" ಎಂದರು ಕಾಕು. ಅವರಿಗೆ ಎಲ್ಲವೂ ಗೊತ್ತಿತ್ತು, ಸುಮ್ಮನೆ ನನ್ನನ್ನು ಕಾಡುವುದಷ್ಟೆ.

ತಂಡದ ಮುಖ್ಯಸ್ಥೆ ಮೃಣಾಲತಾಯಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ನಾವೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದೆವು. ಇಪ್ಪತ್ತು ವರ್ಷ ಡ್ಯಾಮುಗಳ ಬಾಗಿಲು ಪರೀಕ್ಷೆ ಮಾಡಲು ನೀರಿಗಿಳಿದ ಮರಾಠಿ ಹೆಣ್ಣುಮಗಳು. ಮಾತು ಕಡಿಮೆ, ಕಣ್ಣು ಚುರುಕು. ಆಕೆ ಹಾಕಿದ ಷರತ್ತು ಒಂದೇ. ಬೇಸಿಗೆಯಲ್ಲೂ ಆ ಸರೋವರದ ನೀರು ಐದು ಡಿಗ್ರಿ ದಾಟುವುದಿಲ್ಲ. ಅಷ್ಟು ತಣ್ಣನೆಯ ನೀರಿನಲ್ಲಿ ನಲವತ್ತು ನಿಮಿಷ ಇದ್ದು, ಕೊನೆಗೆ ಸ್ಲೇಟಿನ ಮೇಲೆ ಓದಲು ಬರುವಂತೆ ಬರೆದು, ಹಗ್ಗಕ್ಕೆ ಗಂಟು ಹಾಕಿ ತೋರಿಸಬೇಕು. ಡಿಸೆಂಬರಿನೊಳಗೆ ತೋರಿಸದಿದ್ದರೆ ನನ್ನ ಜಾಗ ಇನ್ನೊಬ್ಬರಿಗೆ. ಆ ಇನ್ನೊಬ್ಬರು ಯಾರೆಂದೂ ನನಗೆ ಗೊತ್ತಿತ್ತು, ನನಗಿಂತ ಹದಿನೈದು ವರ್ಷ ಚಿಕ್ಕವಳು, ಬುದ್ಧಿವಂತೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಪುಣೆಯಲ್ಲಿ ಐದು ಡಿಗ್ರಿ ನೀರು ಎಲ್ಲಿಂದ ತರುವುದು? ಕಾಕಾನೇ ದಾರಿ ತೋರಿಸಿದರು. ಕೋಲ್ಡ್ ಸ್ಟೋರೇಜಿನ ಹಿಂದೆ ತರಕಾರಿ ತೊಳೆಯುವ ದೊಡ್ಡ ತೊಟ್ಟಿಯಿತ್ತು, ಪಕ್ಕದ ಗಲ್ಲಿಯಲ್ಲಿ ಐಸ್ ಫ್ಯಾಕ್ಟರಿ. ಹಮಾಲರು ಐಸಿನ ದಿಮ್ಮಿಗಳನ್ನು ಗೋಣಿಯಲ್ಲಿ ಸುತ್ತಿ ಹೊತ್ತು ತಂದು ಧುಪ್ ಧುಪ್ ಎಂದು ಹಾಕಿದರೆ ಆಯಿತು, ನಮ್ಮ ಲಡಾಖ್ ತಯಾರು.

ಇನ್ನು ಉಳಿದದ್ದು ಯಾವ ಉಡುಪು ಎಂಬ ಪ್ರಶ್ನೆ. ಕಾಕುವಿನ ಮಂಚದ ಮೇಲೆ ಎರಡನ್ನೂ ಹಾಸಿಟ್ಟುಕೊಂಡು ನಾನು ದಿನಗಟ್ಟಲೆ ನೋಡಿದೆ. ಒಂದು ನನ್ನ ವೆಟ್‌ಸೂಟ್. ಮೈಗೆ ಬಿಗಿಯಾಗಿ ಅಂಟುವ ಕಪ್ಪು ರಬ್ಬರ್, ಎದೆಯ ಮೇಲೆ ದಪ್ಪ, ಕೈಕಾಲಿನ ತುದಿಗೆ ತೆಳು. ಅದು ನೀರನ್ನು ಒಳಗೆ ಬಿಡುತ್ತದೆ, ಆ ತೆಳ್ಳನೆಯ ನೀರನ್ನು ನಮ್ಮ ಮೈ ಬಿಸಿ ಮಾಡಿಕೊಳ್ಳುತ್ತದೆ. ಇನ್ನೊಂದು ಮೃಣಾಲತಾಯಿ ಕೊಟ್ಟ ಹಳೆಯ ಡ್ರೈಸೂಟ್. ಕಿತ್ತಳೆ ಬಣ್ಣದ ದೊಗಳೆ ಚೀಲ. ಕುತ್ತಿಗೆಗೂ ಮಣಿಕಟ್ಟಿಗೂ ತೆಳ್ಳನೆಯ ರಬ್ಬರಿನ ಪಟ್ಟಿ, ಅದು ಚರ್ಮಕ್ಕೆ ಅಂಟಿ ಕೂತರೆ ಒಂದು ಹನಿಯೂ ಒಳಗೆ ಬರುವುದಿಲ್ಲ. ಒಳಗೆ ಉಣ್ಣೆಯ ಬಟ್ಟೆ ತೊಟ್ಟು ಆರಾಮವಾಗಿರಬಹುದು. ಆದರೆ ಅದರ ಜಿಪ್ಪು ಬೆನ್ನ ಮೇಲೆ, ಬೇರೆಯವರೇ ಹಾಕಿಕೊಡಬೇಕು. ಒಳಗಿನ ಗಾಳಿಯನ್ನು ಹದವಾಗಿ ಬಿಡಲು ಕಲಿಯದಿದ್ದರೆ ಅದೆಲ್ಲ ಕಾಲಿಗೇರಿ ನಾವು ತಲೆಕೆಳಗಾಗಿ ತೇಲುತ್ತೇವೆ.

"ಯಾವದನ್ನ ಹಾಕ್ಕೊಂಡ್ರೂ ಸೀರಿ ಉಟ್ಟಷ್ಟು ಚಂದ ಕಾಣೂದಿಲ್ಲ ಬಿಡು," ಎಂದು ಕಾಕು ತೀರ್ಪು ಕೊಟ್ಟರು.

ನಾನು ವೆಟ್‌ಸೂಟ್ ಎಂದು ಹಟ ಹಿಡಿದೆ. ಗೊತ್ತಿರುವ ಉಡುಪು, ಯಾರ ಹಂಗೂ ಬೇಡ, ನನ್ನ ಜಿಪ್ಪನ್ನು ನಾನೇ ಎಳೆದುಕೊಳ್ಳುತ್ತೇನೆ. ಆದರೆ ನನ್ನಲ್ಲೊಂದು ಗುಟ್ಟಿತ್ತು. ಚಿಕ್ಕಂದಿನಿಂದಲೂ ಚಳಿಗೆ ನನ್ನ ಬೆರಳುಗಳು ಬೆಳ್ಳಗೆ ಸುಣ್ಣದ ಕಡ್ಡಿಯಂತಾಗಿ ಸ್ಪರ್ಶ ಕಳೆದುಕೊಳ್ಳುತ್ತಿದ್ದವು. ಮೃಣಾಲತಾಯಿ ಕೊಟ್ಟ ಅರ್ಜಿಯಲ್ಲಿ ಇಂಥ ತೊಂದರೆ ಇದೆಯೇ ಎಂಬ ಸಾಲಿತ್ತು. ಇಲ್ಲ ಎಂದು ಬರೆದು ಸಹಿ ಹಾಕಿದ್ದೆ. ದಪ್ಪನೆಯ ಕೈಗವಸು ಕೊಂಡು ತಂದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊದಲ ಭಾನುವಾರ ಹದಿನಾಲ್ಕನೆಯ ನಿಮಿಷಕ್ಕೆ ತೊಟ್ಟಿಯಿಂದ ಎದ್ದುಬಂದೆ. ಮೃಣಾಲತಾಯಿ ಅಂದು ಬಂದಿರಲಿಲ್ಲ, ಪುಣ್ಯ. ಹಲ್ಲು ಕಟಕಟ ಅನ್ನುತ್ತಿತ್ತು. ಟವೆಲ್ ಸುತ್ತಿಕೊಂಡು ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಹಣಮಂತಣ್ಣ ಅಡ್ಡ ನಿಂತರು.

ಹಣಮಂತಣ್ಣ ಜಮಖಂಡಿ ಕಡೆಯವರು, ಕೋಲ್ಡ್ ಸ್ಟೋರೇಜಿನ ಮುಕಾದಮ, ಅಂದರೆ ಹಮಾಲರ ಮುಖ್ಯಸ್ಥ. ಅವರದೊಂದು ಕಟ್ಟಳೆ. ಥಂಡಿ ಕೋಣೆಯಿಂದ ಹೊರಬಂದ ಯಾವ ಆಳೂ ಅವರಿಗೆ ಕೈ ತೋರಿಸದೆ ಮನೆಗೆ ಹೋಗುವಂತಿರಲಿಲ್ಲ. ಒಬ್ಬೊಬ್ಬರ ಉಗುರನ್ನೂ ಹೆಬ್ಬೆರಳಿನಿಂದ ಒತ್ತಿ ಬಿಡುತ್ತಿದ್ದರು. ಉಗುರಿನ ಕೆಳಗೆ ಕೆಂಪು ಬೇಗ ವಾಪಸು ಬಂದರೆ "ನಡಿ" ಎನ್ನುವರು, ಬರದಿದ್ದರೆ ಬಿಸಿ ಚಹಾ ಕುಡಿಸಿ ಬಿಸಿಲಿಗೆ ಕೂರಿಸುವರು. ಸ್ವತಃ ಕಾಕಾ ಒಳಗೆ ಹೋಗಿಬಂದರೂ ಕೈ ಚಾಚಬೇಕು.

"ಕೈ ತೋರಸ್ರೀ ಅಕ್ಕಾರ."

"ನಾ ಏನ್ ಬಟಾಟಿ ಹೊರೂ ಆಳೇನ್ರಿ ಹಣಮಂತಣ್ಣ?"

"ಥಂಡಿಗೆ ಅದು ಗೊತ್ತಾಗೂದಿಲ್ರೀ. ತೋರಸ್ರಿ."

ತೋರಿಸಿದೆ. ಅವರು ಒತ್ತಿದರು, ಬಿಟ್ಟರು, ಕಾದರು. ಬೆಳ್ಳಗಿದ್ದದ್ದು ಬೆಳ್ಳಗೇ ಉಳಿಯಿತು. ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ತಮ್ಮ ಎಡಗೈ ಮುಂದೆ ಹಿಡಿದರು. ಎರಡು ಬೆರಳಿಗೆ ತುದಿಯೇ ಇರಲಿಲ್ಲ. ವಯಸ್ಸಿನಲ್ಲಿದ್ದಾಗ ಬೇರೆ ಊರಿನಲ್ಲಿ ಮೀನಿನ ಫ್ರೀಜರಿನಲ್ಲಿ ದುಡಿಯುತ್ತಿದ್ದರಂತೆ. ಇನ್ನಷ್ಟು ಹೊತ್ತು ತಡೆದುಕೊಳ್ಳುತ್ತೇನೆ ಎಂದು ಹುಮ್ಮಸ್ಸಿನಲ್ಲಿ ನಿಂತಿದ್ದಕ್ಕೆ ಹೀಗಾಯಿತಂತೆ.

"ಥಂಡಿ ಹತ್ತಿದಾಗ ಮೊದಲ ನೋವಾಕ್ಕೈತಿ. ಆಮ್ಯಾಲ ನೋವು ಹೊಕ್ಕೈತಿ. ಹೋದಾಗ ನಾ ಖುಷಿ ಪಟ್ಟೆ ನೋಡ್ರಿ," ಎಂದು ಆ ಕೈಯನ್ನು ಹಿಂದಕ್ಕೆಳೆದುಕೊಂಡರು.

ಮೃಣಾಲತಾಯಿಗೆ ಹೇಳಬೇಡಿ ಎಂದು ಅಂಗಲಾಚಿದೆ. "ನೀವ ಹೇಳ್ರಿ" ಎಂದರು ಅಷ್ಟೆ. ನಾನು ಮಾತು ತಪ್ಪಿಸಲು, ಇನ್ನೂ ದಪ್ಪನೆಯ ಕೈಗವಸು ತರುತ್ತೇನೆ ಎಂದೆ. ಅದಕ್ಕೆ ಅವರು ನಕ್ಕುಬಿಟ್ಟರು.

"ಕೈಗೆ ಥಂಡಿ ಹತ್ತೂದು ಕೈಯಿಂದ ಅಲ್ರೀ, ಎದಿಯಿಂದ. ಎದಿ ಥಂಡಾತಂದ್ರ ಮೈ ಕೈಯಾಗಿನ ಕಾವ ಕಸ್ಕೊಂಡು ಎದಿಗೆ ಕೊಡತೈತಿ. ನಮ್ಮ ಮಂದಿಗೆ ನಾ ಹ್ಯಾಂಡ್‌ಗ್ಲೌಸ್ ಬಗ್ಗೆ ಹೇಳೂದಿಲ್ಲ, ಎರಡೆರಡು ಸ್ವೆಟರ್ ಹಾಕಸ್ತೀನಿ. ನಿಮ್ಮ ಕರೀ ಅಂಗಿ ಎದಿಗೇ ನೀರ ಬಿಡತೈತಲ್ರೀ, ಅದೇನ ಅಂಗಿ?"

ಇಪ್ಪತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ತಣ್ಣಗಾದ ದೇಹ ರಕ್ತವನ್ನು ಎಲ್ಲಿಂದ ಎಲ್ಲಿಗೆ ಎಳೆದುಕೊಳ್ಳುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ನನ್ನ ಮೈಗೆ ಅದನ್ನು ಅನ್ವಯಿಸಿಕೊಳ್ಳಲು ಜಮಖಂಡಿಯ ಮುಕಾದಮರೇ ಬೇಕಾಯಿತು. ಅವತ್ತು ಸಂಜೆಯೇ ಮಂಚದ ಮೇಲಿನ ಕಿತ್ತಳೆ ಚೀಲವನ್ನು ಎತ್ತಿಕೊಂಡೆ. ಡ್ರೈಸೂಟ್ ಹಾಕಿಕೊಂಡರೆ ಕೈ ಬೆಚ್ಚಗಿರುತ್ತದೆ, ಕೈ ಬೆಚ್ಚಗಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ಇದು ನನ್ನ ಲೆಕ್ಕಾಚಾರ. ಬುದ್ಧಿ ಬಂದಿತ್ತು, ಪೂರ್ತಿ ಬಂದಿರಲಿಲ್ಲ.

ಮುಂದಿನ ಎರಡು ವಾರ ಈಜುಕೊಳದಲ್ಲಿ ಅದನ್ನು ತೊಟ್ಟು ಪಳಗಿದೆ. ಮೊದಲ ದಿನ ಗಾಳಿಯೆಲ್ಲ ಕಾಲಿಗೇರಿ ನೀರಿನಲ್ಲಿ ಬಾವಲಿಯಂತೆ ತಲೆಕೆಳಗಾಗಿ ನೇತಾಡಿದೆ. ದಡದಲ್ಲಿದ್ದ ಅಜ್ಜಿಯೊಬ್ಬರು "ಅಗ ಬಾಈ!" ಎಂದು ಚೀರಿದ್ದು ನೀರೊಳಗೂ ಕೇಳಿಸಿತು.

ಅಷ್ಟರಲ್ಲಿ ದೀಪಾವಳಿ. ನರಕ ಚತುರ್ದಶಿಯ ದಿನ ಮಾರ್ಕೆಟ್ಟಿಗೆ ರಜೆ, ತೊಟ್ಟಿ ಖಾಲಿ, ಐಸ್ ಹಿಂದಿನ ದಿನವೇ ಬಂದು ಬಿದ್ದಿತ್ತು. ಬೆಳಿಗ್ಗೆ ಕಾಕು ನನ್ನನ್ನು ಮಣೆಯ ಮೇಲೆ ಕೂರಿಸಿಕೊಂಡರು. ಧಾರವಾಡದ ಪದ್ಧತಿಯ ಎಣ್ಣೆ, ಪುಣೆಯ ಪದ್ಧತಿಯ ಉಟಣೆ ಎಂಬ ಸುಗಂಧದ ಪುಡಿ, ಎರಡೂ ಅವರ ಮನೆಯಲ್ಲಿ ಬಿಡುವಂತಿಲ್ಲ. ನೆತ್ತಿ, ಕುತ್ತಿಗೆ, ಭುಜ, ಬೆನ್ನು ಎಂದು ತಿಕ್ಕಿ ತಿಕ್ಕಿ ಹಚ್ಚಿದರು.

"ಥಂಡಿ ನೀರಿಗೆ ಹೊಂಟೀ, ಮೈಯಾಗ ಎಣ್ಣಿ ಇರಲಿ. ಪೂರಾ ತೊಳಕೋಬ್ಯಾಡ," ಎಂದರು.

ಆ ಕೈಯ ಸುಖಕ್ಕೆ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ರಬ್ಬರಿಗೆ ಎಣ್ಣೆ ತಾಗಿಸಬಾರದು ಎಂದು ತಾಯಿ ಹತ್ತು ಸಲ ಹೇಳಿದ್ದರು. ಹಬ್ಬದ ದಿನ ಅದು ಯಾರಿಗೆ ನೆನಪು?

ತೊಟ್ಟಿಗೆ ಇಳಿದ ಐದು ನಿಮಿಷಕ್ಕೆ ಕುತ್ತಿಗೆಯ ಪಟ್ಟಿ ಜಾರಿ ಬೆನ್ನಿನ ಉದ್ದಕ್ಕೂ ಐಸ್ ನೀರು ಇಳಿಯಿತು. ಎದ್ದುಬಂದೆ. ಬಟ್ಟೆ ಒಣಗಿಸಿದರೆ ಸರಿಹೋಗುತ್ತದೆ ಎಂದುಕೊಂಡು ಸೂಟನ್ನು ಮಡಚಿಟ್ಟೆ. ಎರಡು ವಾರದ ನಂತರ ಮೃಣಾಲತಾಯಿಯೇ ಪರೀಕ್ಷೆ ನೋಡಲು ಬಂದರು. ಸೂಟ್ ಬಿಚ್ಚಿ ನೋಡಿದರೆ ಕುತ್ತಿಗೆಯ ರಬ್ಬರು ಹಲಸಿನ ಅಂಟಿನಂತೆ ಜಿಗುಟಾಗಿ ಒಂದಕ್ಕೊಂದು ಹತ್ತಿಕೊಂಡಿತ್ತು. ಆಕೆ ಬಿಡಿಸಲು ಹೋದರು, ಪರ್ ಎಂದು ಹರಿಯಿತು.

"ತೇಲ್?" ಎಂದರು ತಾಯಿ. ಎಣ್ಣೆ ಹಚ್ಚಿದ್ದೆಯಾ ಎಂದು ಕೇಳಿದ್ದು.

ಊಟದ ಡಬ್ಬಿ ಹಿಡಿದುಕೊಂಡು ಬಂದಿದ್ದ ಕಾಕು ಅಲ್ಲೇ ನಿಂತಿದ್ದರು. ಅವರ ಮುಖ ಸಪ್ಪಗಾಯಿತು. "ನಾನ ಹಚ್ಚಿದ್ದೆ. ನನ್ನ ಕೈಯಾರೆ ನಾನ ಕೆಡಿಸಿದೆ ಅಲ್ಲಾ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹರಿದ ರಬ್ಬರನ್ನು ಅಲ್ಲೇ ಬಿಟ್ಟು ನಾನು ಅವರ ಕೈಯಿಂದ ಡಬ್ಬಿ ತೆಗೆದುಕೊಂಡೆ.

ಮೃಣಾಲತಾಯಿ ಗದರಲಿಲ್ಲ. ಹೊಸ ಪಟ್ಟಿ ತರಿಸಬೇಕೆಂದರೆ ಜನವರಿ ದಾಟುತ್ತದೆ, ಪರೀಕ್ಷೆ ಡಿಸೆಂಬರಿನೊಳಗೇ ಆಗಬೇಕು, ಹೇಗೂ ನಿನ್ನ ವೆಟ್‌ಸೂಟ್ ಇದೆಯಲ್ಲ, ಅದರಲ್ಲೇ ಇಳಿ, ಎಂದು ಮರಾಠಿಯಲ್ಲಿ ಸಲೀಸಾಗಿ ಹೇಳಿದರು. ಎಲ್ಲರಿಗೂ ಹಗುರಾಯಿತು. ಕಾಕು ಕಣ್ಣೊರೆಸಿಕೊಂಡು "ಹೌದಲ್ಲವಾ, ಅದ ಅದ!" ಎಂದರು.

ಹಣಮಂತಣ್ಣ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ನೋಡಲೂ ಇಲ್ಲ, ಯಾವುದೋ ಚೀಲದ ಬಾಯಿ ಹೊಲಿಯುತ್ತಿದ್ದರು. ಅವರು ಬಾಯಿ ಬಿಟ್ಟಿದ್ದರೆ ನಾನು ಜಗಳ ತೆಗೆದು ಸುಳ್ಳನ್ನೇ ಸಾಧಿಸುತ್ತಿದ್ದೆನೇನೋ. ಅವರ ಆ ಸುಮ್ಮನಿರುವಿಕೆಯ ಎದುರು ನನಗೆ ನಿಲ್ಲಲಾಗಲಿಲ್ಲ.

"ತಾಯಿ, ವೆಟ್‌ಸೂಟ್‌ನಲ್ಲಿ ನನಗೆ ಆಗುವುದಿಲ್ಲ," ಎಂದೆ. ಬೆರಳಿನ ಕಥೆ ಹೇಳಿದೆ. ಅರ್ಜಿಯಲ್ಲಿ ಸುಳ್ಳು ಬರೆದದ್ದನ್ನೂ ಹೇಳಿದೆ.

"ಹೇ ಆಧೀ ಕಾ ನಾಹೀ ಸಾಂಗಿತಲಂಸ?" ಮೊದಲೇ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದ ದನಿಗೆ ಹಮಾಲರೂ ಕೆಲಸ ನಿಲ್ಲಿಸಿದರು. ಐವತ್ತು ಅಡಿ ಆಳದಲ್ಲಿ ನಿನ್ನ ಕೈ ನಿಂತುಹೋದರೆ ನಿನ್ನನ್ನು ಮೇಲೆ ತರಲು ಹೋಗುವವಳು ನಾನು, ನನಗೂ ಮನೆಯಲ್ಲಿ ಮಕ್ಕಳಿದ್ದಾರೆ, ಎಂದರು. ನಾನು ತಲೆ ತಗ್ಗಿಸಿ ಕೇಳಿದೆ. ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ, ಅದಕ್ಕೆ ನಾನು ಅರ್ಹಳೇ ಆಗಿದ್ದೆ.

ಆಕೆ ಹೊರಟೇಹೋಗುತ್ತಾರೆ ಎಂದುಕೊಂಡೆ. ಗೇಟಿನ ತನಕ ಹೋಗಿ ವಾಪಸು ಬಂದರು. ಮೊದಲು ಡಾಕ್ಟರರ ಹತ್ತಿರ ಹೋಗು, ಇಳಿಯಬಹುದು ಎಂದು ಅವರು ಬರೆದುಕೊಟ್ಟರೆ ಮಾತ್ರ ಮುಂದಿನ ಮಾತು, ಎಂದರು. ಆಮೇಲೆ ನನ್ನ ವೆಟ್‌ಸೂಟನ್ನು ಎತ್ತಿ ಅದರ ಕಾಲಿನ ತುದಿಯನ್ನು ಬೆರಳಲ್ಲಿ ಹಿಂಡಿ, ಹಿಗ್ಗಿಸಿ ನೋಡಿದರು. ತೆಳು ರಬ್ಬರು, ಮೇಲಕ್ಕೆ ಹೋದಂತೆ ಅಗಲ. ಇದನ್ನು ಕತ್ತರಿಸಿ ಮಡಚಿ ಅಂಟಿಸಿದರೆ ಡ್ರೈಸೂಟಿಗೆ ಕುತ್ತಿಗೆ ಪಟ್ಟಿಯಾಗುತ್ತದೆ, ಆದರೆ ವೆಟ್‌ಸೂಟ್ ಹೋದಂತೆಯೇ, ಆಮೇಲೆ ನಿನಗೆ ಬೇರೆ ದಾರಿ ಇಲ್ಲ, ಎಂದರು.

ಮಾಲವಣದಲ್ಲಿ ಮೊದಲ ಸಲ ಸಮುದ್ರದ ತಳ ತೋರಿಸಿದ ಉಡುಪು ಅದು. ಆರು ವರ್ಷ ನನ್ನ ಮೈಯ ಅಳತೆಗೆ ಹಿಗ್ಗಿ ಕುಗ್ಗಿ ನನ್ನದೇ ಚರ್ಮವಾಗಿತ್ತು. ಡಾಕ್ಟರರ ಚೀಟಿ ಬಂದ ದಿನ ಕಾಕು ತಮ್ಮ ದೊಡ್ಡ ಕತ್ತರಿ ತಂದರು. ತಾಯಿ ಗುರುತು ಹಾಕಿಕೊಟ್ಟರು. ಕತ್ತರಿಸಿದವಳು ಮಾತ್ರ ನಾನೇ.

ಡಿಸೆಂಬರಿನ ಕೊನೆಯ ಭಾನುವಾರ. ಕಾಕು ಹೆಣೆದ ಉಣ್ಣೆಯ ಒಳಂಗಿ ತೊಟ್ಟೆ, ಅದರ ಮೇಲೆ ಕಿತ್ತಳೆ ಚೀಲ. ಬೆನ್ನಿನ ಜಿಪ್ಪನ್ನು ಕಾಕುವೇ ಎಳೆದರು, ಹೆರಳು ಸಿಕ್ಕದಂತೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದುಕೊಂಡು. ಇಳಿಯುವ ಮುಂಚೆ ಹಣಮಂತಣ್ಣ ಇನ್ನೊಂದು ವಿದ್ಯೆ ಹೇಳಿಕೊಟ್ಟರು. ಕೈಗವಸಿನೊಳಗಿನ ಉಗುರು ಯಾರಿಗೂ ಕಾಣುವುದಿಲ್ಲವಲ್ಲ? ಹೆಬ್ಬೆರಳನ್ನು ಒಂದೊಂದು ಬೆರಳಿಗೂ ತಾಗಿಸಿ ಎಣಿಸುತ್ತಿರಬೇಕು. ತಾಗಿದ್ದು ಗೊತ್ತಾಗದ ಬೆರಳು ಒಂದು ಬಂದರೂ ಸಾಕು, ಎದ್ದುಬಿಡಬೇಕು.

"ಇನ್ನೊಂದ ಐದ ಮಿನಿಟ ಅಂತ ಮನಸ್ಸು ಹೇಳತೈತಿ. ಅದರ ಮಾತ ಕೇಳಬ್ಯಾಡ್ರಿ ಅಕ್ಕಾರ."

ನಲವತ್ತು ನಿಮಿಷ ಕೂತೆ. ಎಣಿಸುತ್ತಲೇ ಕೂತೆ. ಎದೆ ಬೆಚ್ಚಗಿತ್ತು, ಮೂಗು ಮಾತ್ರ ಉದುರಿಹೋಗುವಂತಿತ್ತು. ಸ್ಲೇಟಿನ ಮೇಲೆ ಬರೆದೆ, ಗಂಟು ಹಾಕಿದೆ. ಕೈಗವಸು ಬಿಚ್ಚಿದ ಕೂಡಲೇ ಹಣಮಂತಣ್ಣ ಒತ್ತಿದರು, ಬಿಟ್ಟರು. ಕೆಂಪು ಓಡಿ ಬಂತು. ಕಾಕು ದೇವರಿಗೆ ಕೈಮುಗಿದರು, ನಾನು ಹಣಮಂತಣ್ಣನಿಗೆ ಮುಗಿದೆ.

ಜುಲೈನಲ್ಲಿ ಸರೋವರಕ್ಕೆ ಹೋದೆವು. ಆ ನೀಲಿಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಮೊದಲ ದಿನವೇ, ಹದಿನೆಂಟು ಮೀಟರ್ ಕೆಳಗೆ, ಒಂದು ಬಂಡೆಯ ಅಂಚಿನಲ್ಲಿ ಏನೋ ಹಸಿರು ಕಂಡಿತು. ಎದೆ ಹಾರಿತು. ಹತ್ತಿರ ಹೋಗಲು ಎರಡು ನಿಮಿಷ, ಮಾದರಿ ತೆಗೆಯಲು ಐದು ನಿಮಿಷ ಬೇಕಿತ್ತು. ಅಭ್ಯಾಸಬಲದಿಂದ ಎಣಿಸಿದೆ. ತೋರುಬೆರಳು, ನಡುಬೆರಳು, ಆಮೇಲೆ ಏನೂ ಇಲ್ಲ. ಉಂಗುರದ ಬೆರಳು ಇರಬೇಕಾದ ಕಡೆ ಏನೂ ಇರಲಿಲ್ಲ. ನೋವೂ ಇರಲಿಲ್ಲ. ಇನ್ನೊಂದು ಐದು ನಿಮಿಷ ಎಂದು ಮನಸ್ಸು ಹೇಳಿತು, ದೇವರಾಣೆಗೂ ಹೇಳಿತು. ಆ ಹಸಿರಿಗೆ ಬೆನ್ನು ಹಾಕಿ, ಜೊತೆಯಲ್ಲಿದ್ದ ತಾಯಿಗೆ ಹೆಬ್ಬೆರಳು ಮೇಲೆತ್ತಿ, ಮೇಲೆ ಹೋಗೋಣ ಎಂದು ಸನ್ನೆ ಮಾಡಿದೆ. ನಿಧಾನವಾಗಿ, ನಿಲ್ಲಬೇಕಾದ ಕಡೆ ನಿಂತು, ಮೇಲೆ ಬಂದೆವು.

ದಡದಲ್ಲಿ ಕೂತು ಕೈಗವಸು ನೋಡಿದರೆ ಹೊಲಿಗೆಯ ಹತ್ತಿರ ಸಣ್ಣದಾಗಿ ಬಿಟ್ಟುಕೊಂಡಿತ್ತು. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕಥೆ ಮುಗಿಯಿತು, ಇನ್ನು ಇವರು ನನ್ನನ್ನು ಇಳಿಸುವುದಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಮೃಣಾಲತಾಯಿ ಪಕ್ಕದಲ್ಲಿ ಬಂದು ಕೂತರು. ನೀನು ನಿನ್ನಷ್ಟಕ್ಕೆ ಮೇಲೆ ಬಂದೆ, ಅದಕ್ಕೇ ನಾಳೆ ಮತ್ತೆ ಇಳಿಸುತ್ತೇನೆ, ಎಂದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಅಷ್ಟು ದೊಡ್ಡ ಮಾತಾಡಿಲ್ಲ.

ನಾಲ್ಕು ದಿನದ ಮೇಲೆ ಫೋನ್ ಹತ್ತುವ ಊರಿಗೆ ಇಳಿದೆವು. ರಸ್ತೆ ಬದಿಯಲ್ಲಿ ನಿಂತು ಕೋಲ್ಡ್ ಸ್ಟೋರೇಜಿಗೇ ಮಾಡಿದೆ. ಹಣಮಂತಣ್ಣ ಎತ್ತಿದರು.

"ಎಷ್ಟ ಮಿನಿಟ್ರೀ?"

"ಮೊದಲನೇ ದಿವಸ ಇಪ್ಪತ್ತಾರು. ಒಂದು ಬೆರಳು ತಪ್ಪಿತ್ರಿ, ಮ್ಯಾಲ ಬಂದೆ. ಮರುದಿವಸ ಕೈಗವಸು ಬದಲು ಮಾಡಿ ಮತ್ತ ಇಳಿದೆ, ನಲವತ್ತು. ಸ್ಪಂಜ್ ಸಿಕ್ತು ಹಣಮಂತಣ್ಣ!"

ಸ್ಪಂಜಿನ ಸುದ್ದಿ ಅವರಿಗೆ ಬೇಕಾಗಿರಲಿಲ್ಲ.

"ಬೆರಳು?"

"ಹತ್ತೂ ಅದಾವ್ರಿ."

ಆ ಕಡೆ ಲಾರಿಯ ಹಾರ್ನು, ಚೀಲ ಬೀಳುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವರು ಫೋನನ್ನು ಬಾಯಿಂದ ದೂರ ಹಿಡಿದು, ಇಡೀ ಮಾರ್ಕೆಟ್ ಯಾರ್ಡಿಗೆ ಕೇಳುವಂತೆ ಕೂಗಿದರು:

"ಏ, ಅಕ್ಕಾರ್ದು ಹತ್ತೂ ಅದಾವಂತಲೇ!"